ಆಷಾಢದಲ್ಲಿ ಹೂ ಬಿಡುವ ಸೀಮೆ

ಅವಲಪಲ್ಲಿಯ ಹಿತ್ತಿಲಲ್ಲಿ ಜೇನು ಎದ್ದಾಗ ಆದಿಲಕ್ಷ್ಮಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕಣ್ಣಿಗಿಂತ ಮೊದಲು ಅವಳ ಕಿವಿಗೆ ಗೊತ್ತಾಯಿತು. ದಿನಾ ಕೇಳುವ ಗುಂಯ್‌ಗುಡುವಿಕೆಯಾಗಿರಲಿಲ್ಲ ಅದು. ದೂರದಲ್ಲಿ ಯಾರೋ ಹಸಿ ಬಟ್ಟೆ ಒದರಿದ ಹಾಗೆ ಭರ್‍ರೆನ್ನುವ ಸದ್ದು. ಜರಡಿಯನ್ನು ಅಲ್ಲೇ ಬಿಟ್ಟು ಓಡಿದಳು. ಬೇಲಿ ಪಕ್ಕದ ಪೆಟ್ಟಿಗೆಯ ಕಿಂಡಿಯಿಂದ ಹುಳುಗಳು ಸುರಿದ ಹಾಗೆ ಹೊರಗೆ ಬರುತ್ತಿದ್ದವು.

"ಸೆಲ್ವೀ, ತಟ್ಟೆ ತಗೊಂಬಾರೇ!" ಎಂದು ಕೂಗುತ್ತಾ ಬೊಗಸೆ ತುಂಬ ಮರಳು ತುಂಬಿಕೊಂಡು ಮೇಲಕ್ಕೆ ತೂರಿದಳು. ಮರಳು ಮೈಮೇಲೆ ಬಿದ್ದರೆ ಜೇನು ಮಳೆ ಬಂತೆಂದು ತಿಳಿದು ಹತ್ತಿರದ ಕೊಂಬೆಗೆ ಇಳಿಯುತ್ತದೆ ಎಂಬುದು ಆ ಕಡೆಯ ಹಳೆಯ ನಂಬಿಕೆ. ಸೊಸೆ ಸೆಲ್ವಿ ಸ್ಟೀಲ್ ತಟ್ಟೆ ಬಡಿದಳು, ಅತ್ತೆ ಮರಳು ತೂರಿದಳು. ಜೇನು ಎರಡಕ್ಕೂ ಕಿವಿಗೊಡಲಿಲ್ಲ. ಪಕ್ಕದ ಹೊಸ ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಸುತ್ತು ಹಾಕಿ ಹೆದ್ದಾರಿಯ ಕಡೆಗೆ ಹಾರಿಹೋಯಿತು.

ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದ ಗಂಡ ಚಿನ್ನಸ್ವಾಮಿ ಹೆಂಡತಿಯ ತಲೆ ತುಂಬ ಮರಳು ನೋಡಿದ. ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಕೇಳಿದ.

"ಹೋಗ್ಬುಡ್ತಾ?"

"ಹೋಗ್ಬುಡ್ತು. ಬೇಲಿ ಪಕ್ಕದ್ದು."

"ಸಕ್ಕರೆ ನೀರು ಇಟ್ಟಿದ್ದೆ ಅಲ್ವಾ?"

"ಸಕ್ಕರೆ ನೀರು ಕುಡ್ದು ನೀನು ಎಷ್ಟು ದಿನ ಇರ್ತೀಯ ಹೇಳು. ಹೂವಿನ ಹುಡಿ ಇಲ್ದೆ ಮರಿ ಹೆಂಗೆ ಬೆಳೀತವೆ? ಮರಿ ಇಲ್ದ ಮನೇಲಿ ಜೇನು ಯಾಕೆ ನಿಲ್ತದೆ?"

ಆಷಾಢ ಆಗತಾನೇ ಶುರುವಾಗಿತ್ತು. ಹೋದ ವರ್ಷದ ಆಷಾಢದಲ್ಲಿ ಅರ್ಧಕ್ಕರ್ಧ ಪೆಟ್ಟಿಗೆಗಳು ಖಾಲಿಯಾಗಿದ್ದವು. ಅದರ ಹಿಂದಿನ ವರ್ಷವೂ ಹೀಗೆಯೇ. ಈ ಸಲವೂ ಜೇನು ನಿಲ್ಲದಿದ್ದರೆ ಪೆಟ್ಟಿಗೆಗಳನ್ನು ಅವನ್ನು ಕೊಟ್ಟಿದ್ದ ಮಹಿಳಾ ಸಂಘಕ್ಕೆ ಹಿಂತಿರುಗಿಸಿ, ತಳಿ ರಸ್ತೆಯ ಗುಲಾಬಿ ಹಸಿರುಮನೆಗೆ ಹೂ ಕೊಯ್ಯುವ ಕೂಲಿಗೆ ಹೋಗುವುದೆಂದು ಅವಳು ಯುಗಾದಿಯಲ್ಲೇ ಹೇಳಿದ್ದಳು. ಆದಿಲಕ್ಷ್ಮಮ್ಮ ಹೇಳಿದರೆ ಹೇಳಿದ್ದೇ.

ಅವಳು ಹುಟ್ಟಿದ್ದು ತಳಿಯ ಹತ್ತಿರದ ಒಂದು ಸಣ್ಣ ಹಟ್ಟಿಯಲ್ಲಿ. ಅಪ್ಪ ದೊಡ್ಡವೆಂಕಟಪ್ಪ ಒಡೆದ ಮಡಕೆಗೆ ಮೇಣ ಸವರಿ ಸೂರಿನಡಿ ಕವುಚಿಡುತ್ತಿದ್ದ. ತುಡುವೆ ಜೇನು ತಾನಾಗಿ ಬಂದು ಕೂರುತ್ತಿತ್ತು. ಹೊಗೆ ಹಾಕುವುದು, ಮರಿಗಳಿರುವ ಮೇಣದ ಎರಿ ಬಿಟ್ಟು ತುಪ್ಪದ ಎರಿಯನ್ನಷ್ಟೇ ಕೊಯ್ಯುವುದು, ಕಚ್ಚಿದರೂ ಕೈ ಕೊಡವದೆ ಇರುವುದು, ಇಷ್ಟನ್ನು ಅವಳು ಶಾಲೆಯ ಬಾಗಿಲು ನೋಡುವ ಮೊದಲೇ ಕಲಿತಿದ್ದಳು. ಶಾಲೆಯಲ್ಲಿ ಬಹಳ ಕಾಲ ಇರಲೂ ಇಲ್ಲ. ಮದುವೆಯಾಗಿ ಅವಲಪಲ್ಲಿಗೆ ಬಂದಾಗ ಇಲ್ಲಿಯೂ ರಾಗಿ ಹೊಲ, ಹೊಲದ ಬದುವಿಗೆ ಹೊಂಗೆ, ಕೆರೆ ಏರಿಗೆ ನೇರಳೆ ಇದ್ದವು. ಅವಳ ಪೆಟ್ಟಿಗೆಗಳು ಇದ್ದಲ್ಲೇ ಇದ್ದು ವರ್ಷ ಕಳೆಯುತ್ತಿದ್ದವು. ಆಮೇಲೆ ಹೊಲಗಳು ಲೇಔಟ್ ಆದವು, ಬದುವಿನ ಮರಗಳಿದ್ದ ಕಡೆ ಕಾಂಪೌಂಡ್ ಗೋಡೆಗಳು ಬಂದವು. ಹೂವು ಮನೆ ಹತ್ತಿರ ಬರುವುದು ನಿಂತಾಗ ಹೂವಿದ್ದಲ್ಲಿಗೆ ಪೆಟ್ಟಿಗೆಯನ್ನೇ ಒಯ್ಯಬೇಕಾಯಿತು. ಗಂಡನ ಆಟೋ ಇತ್ತಲ್ಲ.

ಒಯ್ಯುತ್ತಾ ಒಯ್ಯುತ್ತಾ ಅವಳಿಗೆ ಆ ನಾಡು ಪೂರ್ತಿ ಗೊತ್ತಾಯಿತು. ಹೊಂಗೆ ಎಲ್ಲ ಕಡೆಯೂ ಒಂದೇ ದಿನ ಹೂ ಬಿಡುವುದಿಲ್ಲ. ಘಟ್ಟದ ಕೆಳಗೆ ಕೃಷ್ಣಗಿರಿ ಬಯಲಿನಲ್ಲಿ ಮೊದಲು ಬಿಡುತ್ತದೆ. ಅಲ್ಲಿ ಉದುರುವ ಹೊತ್ತಿಗೆ ರಾಯಕೋಟೆ ಘಟ್ಟದಲ್ಲಿ ಮೊಗ್ಗು. ಘಟ್ಟದಲ್ಲಿ ಉದುರಿದರೆ ತಳಿಯ ಎತ್ತರದಲ್ಲಿ ಅರಳು. ಹೂವು ಬಿಸಿಲನ್ನು ಹಿಡಿದುಕೊಂಡು ಕೆಳಗಿನಿಂದ ಮೇಲಕ್ಕೆ ಹತ್ತಿ ಬರುತ್ತದೆ. ಅವಳು ಪೆಟ್ಟಿಗೆಗಳೊಂದಿಗೆ ಅದರ ಹಿಂದೆಯೇ ಹತ್ತುತ್ತಿದ್ದಳು. ಒಂದೇ ಹೊಂಗೆಯನ್ನು ಮೂರು ಸಲ ಉಂಡ ಜೇನು ಬೇರೆ ಯಾರ ಹತ್ತಿರವೂ ಇರಲಿಲ್ಲ. ಹೊಂಗೆ ಮುಗಿದ ಮೇಲೆ ಹುಣಸೆ. ಹುಣಸೆ ಮುಗಿದರೆ ತಳಿಯ ರಾಗಿ ಹೊಲದ ಅಂಚಿನ ಹುಚ್ಚೆಳ್ಳು ಅರಳುವ ತನಕ ಏನೂ ಇಲ್ಲ. ಆ ನಡುವಿನ ಖಾಲಿ ಹೊತ್ತೇ ಆಷಾಢ. ಊರಿನ ಸುತ್ತ ಒಂದಿಷ್ಟು ಮರ ಇದ್ದಾಗ ಜೇನು ಹೇಗೋ ತಡೆದುಕೊಳ್ಳುತ್ತಿತ್ತು; ಈಗ ತಡೆದುಕೊಳ್ಳಲು ಏನೂ ಉಳಿದಿರಲಿಲ್ಲ.

ಯಾವ ಊರು ಯಾವ ಸೀಮೆಗೆ ಸೇರಿದ್ದು ಎಂದು ತಿಳಿಯಲು ಅವಳದೇ ಒಂದು ದಾರಿಯಿತ್ತು. ಸೆರಗಿನ ಗಂಟಿನಲ್ಲಿ ಒಂದು ಉಂಡೆ ಜೇನುಮೇಣ ಇಟ್ಟುಕೊಂಡಿರುತ್ತಿದ್ದಳು. ಹೊಸ ಜಾಗಕ್ಕೆ ಹೋದಾಗ ನೆರಳಲ್ಲಿ ಕೂತು ಅದನ್ನು ಹೆಬ್ಬೆರಳಿನಿಂದ ಒತ್ತುವುದು. ಕಲ್ಲಿನಂತಿದ್ದರೆ ತಂಪು ಸೀಮೆ, ಬೆರಳ ಗುರುತು ಬಿದ್ದರೆ ನಡು ಸೀಮೆ, ಹಿಟ್ಟಿನಂತೆ ನಾದಿಕೊಂಡರೆ ಬಿಸಿಲು ಸೀಮೆ. ಈ ಲೆಕ್ಕದ ಮೇಲೆ ಹೂವು ಯಾವಾಗ ಬರುತ್ತದೆಂದು ಅವಳು ಹೇಳಿದ್ದು ಹೆಚ್ಚುಕಡಿಮೆ ಆಗಿದ್ದೇ ಇಲ್ಲ.

ಬೇಲಿ ಪಕ್ಕದ ಜೇನು ಹೋದ ಮೇಲಿನ ಭಾನುವಾರ ಮುರಳಿಕೃಷ್ಣ ಬಂದ. ಆಲಸನತ್ತಂನಲ್ಲಿ ಬಾಡಿಗೆಗಿರುವ ಕಾಲೇಜು ಮೇಷ್ಟ್ರು. ಜೇನುತುಪ್ಪ ಕೊಳ್ಳಲು ಬಂದರೆ ಒಂದು ಗಂಟೆ ಮಾತಾಡದೆ ಹೋಗುವವನಲ್ಲ. ಅವನದು ಭೂಗೋಳ ಪಾಠ. ಮಳೆ ಬಿಸಿಲು ನೋಡಿ ಜಿಲ್ಲೆಯ ಗಿಡಮರಗಳನ್ನು ಪಟ್ಟೆ ಪಟ್ಟೆಯಾಗಿ ವಿಂಗಡಿಸಿ ನಕ್ಷೆ ಮಾಡುತ್ತಿದ್ದ.

"ಈಗ ತುಪ್ಪ ಇಲ್ಲ ಸಾರ್. ಜೇನೇ ಉಳಿಯೋ ಹಂಗಿಲ್ಲ," ಎಂದಳು ಆದಿಲಕ್ಷ್ಮಮ್ಮ.

ಅವನು ಕಾರಣ ಕೇಳಿದ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭವೆಂದು ಅವಳು ಮೊರ ತಂದು ನಡುಮನೆಯಲ್ಲಿ ಇಟ್ಟಳು. ಮೇಲುಗಡೆ ಒಂದು ಹಿಡಿ ರಾಗಿ ಸುರಿದಳು. ನಡುವೆ ಹುರುಳಿ. ಕೆಳಗೆ ಉದ್ದಕ್ಕೂ ಹುಣಸೆ ಬೀಜ.

"ನೋಡಿ, ಇದು ತಳಿ. ತಂಪು. ಇದು ರಾಯಕೋಟೆ ಘಟ್ಟ, ಅಂಚೆಟ್ಟಿ ಘಟ್ಟ, ನಡು ಸೀಮೆ. ಇದು ಘಟ್ಟದ ಕೆಳಗೆ. ಬಿಸಿಲು ಸೀಮೆ. ಹೂವು ಹಿಂಗೆ ಕೆಳಗಿಂದ ಹತ್ಕೊಂಡು ಹೋಗ್ತದೆ. ಈಗ ತಳಿಯಾಗೇ ಮುಗಿದೈತೆ. ಅಂದ್ರೆ ಕೆಳಗೆ ಮುಗಿದು ಯಾವ ಕಾಲ ಆಯ್ತೋ."

ಮುರಳಿಕೃಷ್ಣ ಮೊರವನ್ನು ಬಹಳ ಹೊತ್ತು ನೋಡಿದ. "ಅಮ್ಮಾ, ನನ್ನ ನಕ್ಷೆಯೂ ಸುಮಾರು ಹೀಗೇ ಇದೆ. ಒಂದು ಕಡೆ ಬಿಟ್ಟು," ಎಂದು ಕೈ ಚಾಚಿ ಹುಣಸೆ ಬೀಜದ ಸಾಲನ್ನು ನಡುವೆ ಸೀಳಿದ. ಅರ್ಧ ಬಲಕ್ಕೆ ತಳ್ಳಿದ, ಅರ್ಧ ಎಡಕ್ಕೆ. "ಇದು ಕೃಷ್ಣಗಿರಿ ಬಯಲು. ಇದು ಅಂಚೆಟ್ಟಿಯಿಂದಾಚೆ ಕಾವೇರಿ ಕಡೆ ಇಳಿಯುವ ಕಾಡು. ಎರಡೂ ಒಂದೇ ಅಲ್ಲ."

"ಎರಡ್ರಾಗೂ ಬಿಸಿಲು ಒಂದೇ ಸಾರ್. ಎರಡು ಕಡೇನೂ ಮೇಣ ನಾದಿ ನೋಡಿವ್ನಿ ನಾನು."

"ಬಿಸಿಲು ಒಂದೇ. ನಾನೂ ಒಪ್ತೀನಿ. ಮಳೆ?"

ಆದಿಲಕ್ಷ್ಮಮ್ಮ ಮೊರದ ಮೇಲೆ ಬಗ್ಗಿದಳು; ಅವನು ಬಲಗಡೆಯ ಬೀಜಗಳ ಮೇಲೆ ಬೆರಳಿಟ್ಟ.

"ಕೃಷ್ಣಗಿರಿ ಕಡೆ ಕೆರೆ ಇದೆ, ಬಾವಿ ಇದೆ, ಹಿಂಗಾರು ಚೆನ್ನಾಗಿ ಹುಯ್ಯುತ್ತೆ. ಮಾವು ತೆಂಗು ಬರುತ್ತೆ. ಆ ಕಡೆ ಹಾಗಲ್ಲ. ವರ್ಷದಲ್ಲಿ ಒಣ ತಿಂಗಳೇ ಹೆಚ್ಚು, ನೆಲವೆಲ್ಲ ಕಲ್ಲು. ಅಲ್ಲಿ ನಿಲ್ಲೋ ಮರಗಳೇ ಬೇರೆ ಜಾತಿ. ಬಿಸಿಲೊಂದನ್ನೇ ನೋಡಿದ್ರೆ ಎರಡೂ ಒಂದೇ ಅನ್ಸುತ್ತೆ. ಮಳೆ ಇಲ್ಲದ ತಿಂಗಳನ್ನೂ ಸೇರಿಸಿದ್ರೆ ಎರಡು ಸೀಮೆ ಆಗುತ್ತೆ. ಅಲ್ಲಿ ಕಮರದ ಮರ ಜಾಸ್ತಿ."

ಬಾಗಿಲಿಗೆ ಒರಗಿ ನಿಂತಿದ್ದ ಚಿನ್ನಸ್ವಾಮಿ ನಕ್ಕ. "ನಿನ್ನ ಮೇಣಕ್ಕೆ ಬಿಸಿಲು ಗೊತ್ತು ಕಣೆ, ಮಳೆ ಗೊತ್ತಿಲ್ಲ."

"ನಿನಗೆ ಎರಡೂ ಗೊತ್ತಿಲ್ಲ, ಸುಮ್ಕಿರು," ಎಂದಳು ಅವಳು. ಆದರೆ ಕಣ್ಣು ಮೊರದ ಮೇಲೇ ಇತ್ತು. "ಆ ಕಮರ ಯಾವಾಗ ಹೂ ಬಿಡ್ತದೆ ಸಾರ್?"

"ಅದು ನಂಗೊತ್ತಿಲ್ಲಮ್ಮ. ಎಲೆ ನೋಡಿದ್ದೀನಿ, ಹೂವು ನೋಡಿಲ್ಲ."

ಕಾಫಿ ಲೋಟ ಹಿಡಿದು ಬಂದ ಸೆಲ್ವಿ ಅಲ್ಲೇ ನಿಂತಳು. ಅವಳ ತವರು ಅಂಚೆಟ್ಟಿಯಿಂದಾಚೆಯ ಊರು. "ಕಮರ ಅಂದ್ರೆ ನಮ್ಮ ಆಚ್ಚಾ ಮರಾನಾ ಅತ್ತೆ? ಎಲೆ ಜೋಡಿ ಜೋಡಿ, ಚಿಟ್ಟೆ ರೆಕ್ಕೆ ಥರ? ಅದು ಆಡಿ ಮಾಸದಲ್ಲಿ ಹೂ ಬಿಡ್ತದೆ. ಮೇಕೆಗೆ ಸೊಪ್ಪು ಮುರಿಯೋವಾಗ ತಲೆ ಮೇಲೆಲ್ಲ ಉದುರ್ತದಲ್ಲ."

"ಆಡಿ ಅಂದ್ರೆ ಈಗಲೇ?"

"ಈಗಲೇ ಶುರು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೂವು ಅಂದ್ರೆ ಅದೇನು ಮುಡ್ಕೊಳ್ಳೋ ಹೂವಾ ಅತ್ತೆ? ಸಾಸಿವೆ ಕಾಳಷ್ಟು ಇರ್ತದೆ. ಮೇಕೆ ಬಿಟ್ಟು ಯಾರೂ ನೋಡಲ್ಲ ಅದನ್ನ. ನೀವೂ ಕೇಳ್ಲಿಲ್ಲ."

ಇಬ್ಬರು ಹೇಳಿದರೆಂದು ಪೆಟ್ಟಿಗೆ ಎತ್ತುವ ಹೆಂಗಸಲ್ಲ ಆದಿಲಕ್ಷ್ಮಮ್ಮ. ಮಾರನೆಯ ದಿನ ಬೆಳಿಗ್ಗೆಯೇ ದೇಂಕಣಿಕೋಟೆಯ ಬಸ್ಸು ಹಿಡಿದಳು. ಅಲ್ಲಿಂದ ಅಂಚೆಟ್ಟಿಗೆ ಇನ್ನೊಂದು ಬಸ್ಸು. ಘಟ್ಟ ಇಳಿಯುತ್ತಿದ್ದ ಹಾಗೆ ಮರಗಳು ಕುಳ್ಳಗಾದವು, ಎಲೆ ಸಣ್ಣದಾಯಿತು, ನೆಲದಲ್ಲಿ ಹುಲ್ಲಿಗಿಂತ ಕಲ್ಲು ಹೆಚ್ಚಾಯಿತು. ಈ ರಸ್ತೆಯಲ್ಲಿ ಸೊಸೆಯ ತವರಿಗೆ ಅವಳು ಎಷ್ಟೋ ಸಲ ಬಂದಿದ್ದಳು. ಬಂದಾಗಲೆಲ್ಲ ಸೆಕೆ ಎಂದು ಬೀಸಣಿಗೆ ಬೀಸಿಕೊಂಡಿದ್ದಳೇ ಹೊರತು ಕಿಟಕಿಯಾಚೆ ಹೀಗೆ ನೋಡಿರಲಿಲ್ಲ. ಈ ಸಲ ಒಂದೊಂದು ಮರವನ್ನೂ ತೊಗಟೆ, ಎಲೆ, ತುದಿ ಎಂದು ಓದುತ್ತಾ ಹೋದಳು.

ಸೆಲ್ವಿಯ ಸೋದರಮಾವ ಪಾಪಣ್ಣನ ಹುರುಳಿ ಹೊಲ ಕಾಡಿನ ಅಂಚಿಗೇ ಇತ್ತು. ಹೊಲದಾಚೆ ಬೂದು ತೊಗಟೆಯ ಮರಗಳು ಸಾಲಾಗಿ ನಿಂತಿದ್ದವು; ಜೋಲುವ ತೆಳು ಕೊಂಬೆಗಳು, ಜೋಡಿ ಎಲೆ. ಹೂವು ಕಾಣಿಸಲಿಲ್ಲ. ಅವಳು ಒಂದು ಮರದ ಕೆಳಗೆ ಹೋಗಿ ನಿಂತು ಕಣ್ಣು ಮುಚ್ಚಿದಳು. ತಲೆಯ ಮೇಲೆ ಇಡೀ ಮರ ಗುಂಯ್ ಎನ್ನುತ್ತಿತ್ತು.

ಕೈಗೆಟಕುವ ಕೊಂಬೆಯೊಂದನ್ನು ಬಗ್ಗಿಸಿದಳು. ಎಲೆಗಳ ನಡುವೆ ಹಸಿರು ಬೆರೆತ ಮಸುಕು ಹಳದಿಯ ಗೊಂಚಲು, ನಿಜಕ್ಕೂ ಸಾಸಿವೆಯಷ್ಟೇ. ಅದರ ಮೇಲೆ ತುಡುವೆ ಜೇನು, ಎರಡೂ ಹಿಂಗಾಲಿಗೆ ಹುಡಿಯ ಉಂಡೆ ಕಟ್ಟಿಕೊಂಡು. ಇನ್ನೂ ಮುಂದೆ ಹೋಗಿ ನೋಡಿದಳು. ಕಲ್ಲಿನ ಸಂದಿಯಲ್ಲಿ ಕಾಡುಜೇನಿನ ಗೂಡೊಂದು ಸಿಕ್ಕಿತು. ಯಾರ ಸಕ್ಕರೆ ನೀರೂ ಇಲ್ಲದೆ, ಈ ಆಷಾಢದಲ್ಲಿ, ಹೊಸ ಬಿಳಿ ಎರಿ ಕಟ್ಟುತ್ತಿತ್ತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಸಾವಕಾಶವಾಗಿ ಎಲೆ ಅಡಿಕೆ ಹಾಕಿಕೊಂಡಳು. ಇಷ್ಟು ವರ್ಷ ತನ್ನ ಲೆಕ್ಕ ಎಲ್ಲಿ ತಪ್ಪಿತ್ತೆಂದು ಅವಳಿಗೆ ಸ್ಪಷ್ಟವಾಯಿತು. ಹೊಂಗೆ ಬಿಸಿಲು ನೋಡಿ ಹೂ ಬಿಡುವ ಮರ. ಆದ್ದರಿಂದ ಬಿಸಿಲಿದ್ದಲ್ಲಿ ಮೊದಲು. ಈ ಮರದ ಗುಣವೇ ಬೇರೆ. ಇದು ಬೇರೆಲ್ಲ ಮರ ಕೆಲಸ ಮುಗಿಸುವ ತನಕ ಕಾಯುತ್ತದೆ. ಹೊಂಗೆಯ ಕಣ್ಣಿನಿಂದಲೇ ಎಲ್ಲ ಸೀಮೆಯನ್ನೂ ನೋಡಿದ್ದರಿಂದ ಇದು ಅವಳಿಗೆ ಕಂಡಿರಲಿಲ್ಲ.

"ಪಾಪಣ್ಣಾ, ನಾಳೆ ರಾತ್ರಿಗೆ ಪೆಟ್ಟಿಗೆ ತರ್ತೀನಿ. ಹೊಲದ ಬದುವಿನಲ್ಲಿ ಜಾಗ ಕೊಡ್ತೀಯಾ?"

"ಎಷ್ಟು ತರ್ತೀರಮ್ಮಾ? ಒಂದೋ ಎರಡೋ ತಂದು ನೋಡಿ ಮೊದಲು."

"ಒಂದೋ ಎರಡೋ ತಂದ್ರೆ ಮಿಕ್ಕಿದ್ದು ಅಲ್ಲಿ ಹಾರಿಹೋಗ್ತವೆ. ಎಲ್ಲಾನೂ ತರ್ತೀನಿ."

ಮಾರನೆಯ ದಿನ ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಮಬ್ಬಿನ ಹೊತ್ತಿಗೆ, ಪೆಟ್ಟಿಗೆಗಳ ಕಿಂಡಿಗೆ ಹುಲ್ಲು ತುರುಕಿ ಆಟೋಗೆ ಏರಿಸಿದರು. ಘಟ್ಟದ ತಿರುವುಗಳಲ್ಲಿ ಪೆಟ್ಟಿಗೆ ಅಲುಗದಂತೆ ಚಿನ್ನಸ್ವಾಮಿ ಎತ್ತಿನ ಗಾಡಿಯ ಹಾಗೆ ಓಡಿಸಿದ. ಓಡಿಸುತ್ತಾ ಸುಮ್ಮನಿರುವುದು ಅವನಿಗೆ ಗೊತ್ತಿಲ್ಲ.

"ಆಷಾಢದಾಗೆ ಎಲ್ರೂ ಹೊಸ ಸೊಸೇನ ತವರಿಗೆ ಕಳಿಸ್ತಾರೆ. ನೀನು ಸೊಸೇನ ಮನೇಲಿಟ್ಕೊಂಡು ಅವಳ ತವರಿಗೆ ಜೇನು ಕಳಿಸ್ತಿದ್ದೀಯ."

"ಜೇನಾದ್ರೆ ಹಬ್ಬಕ್ಕೆ ಸೀರೆ ಕೇಳಲ್ಲ. ನೋಡ್ಕೊಂಡು ಓಡ್ಸು, ಹಂಪು ಬತ್ತದೆ."

ಇಳಿಸಿದ ಪೆಟ್ಟಿಗೆಗಳನ್ನು ಆದಿಲಕ್ಷ್ಮಮ್ಮ ತನ್ನ ಕೈಯಾರೆ ಬದುವಿನ ಮೇಲೆ ಸಾಲಾಗಿ ಇಟ್ಟು ಹುಲ್ಲು ಕಿತ್ತಳು. ಕಿಂಡಿ ಪೂರ್ವಕ್ಕೆ, ಮುಂದೆ ಬಯಲು, ಮೇಲೆ ಏನೂ ಅಡ್ಡವಿಲ್ಲದಂತೆ. ಅಪ್ಪ ಕಲಿಸಿದ್ದೇ ಹಾಗೆ. ಚಿನ್ನಸ್ವಾಮಿ ಆಟೋದೊಂದಿಗೆ ಊರಿಗೆ ಹಿಂತಿರುಗಿದ; ಅವಳು ಪಾಪಣ್ಣನ ಮನೆಯಲ್ಲಿ ಉಳಿದಳು.

ಮಾರನೆಯ ಮಧ್ಯಾಹ್ನ ಪಾಪಣ್ಣ ಓಡಿ ಬಂದ. "ಅಮ್ಮಾ, ನಿಮ್ಮ ಜೇನೆಲ್ಲ ಹೊರಗೆ ಬಂದು ತೂಗಾಡ್ತಾ ಇದೆ!"

ಅವಳು ಹೋಗಿ ನೋಡಿದರೆ ಒಂದೊಂದು ಪೆಟ್ಟಿಗೆಯ ಮುಂದೆಯೂ ಹುಳುಗಳು ಗಡ್ಡದ ಹಾಗೆ ಜೋತುಬಿದ್ದಿದ್ದವು. ಮುಟ್ಟಿದರೆ ಮುಚ್ಚಳ ಬಿಸಿ. ಕೊನೆಯ ಪೆಟ್ಟಿಗೆಯ ಮುಂದೆ ಗಡ್ಡವೂ ಇರಲಿಲ್ಲ. ಎತ್ತಿ ನೋಡಿದರೆ ಹಗುರ. ಅದು ಆಗಲೇ ಹೋಗಿತ್ತು.

"ಈ ಬಿಸಿಲು ಜೇನಿಗೆ ತಡೆಯಲ್ಲಮ್ಮಾ. ಮೇಲಿನ ಊರಿನ ಜೇನು ಇದು. ರಾತ್ರಿಗೆ ವಾಪಸ್ ತಗೊಂಡು ಹೋಗ್ಬಿಡಿ," ಎಂದ ಪಾಪಣ್ಣ.

"ಜೇನಿನ ತಪ್ಪಲ್ಲಪ್ಪಾ. ನಂದು. ತಳೀಲಿ ಇಡೋ ಹಂಗೆ ಇಲ್ಲೂ ಇಟ್ಬುಟ್ಟೆ."

ತಂಪು ಸೀಮೆಯಲ್ಲಿ ಜೇನಿಗೆ ಬೆಳಗಿನ ಬಿಸಿಲು ಬೇಕು. ಇಲ್ಲದಿದ್ದರೆ ಹೊತ್ತೇರುವ ತನಕ ಗೂಡು ಬಿಟ್ಟು ಏಳುವುದಿಲ್ಲ. ಇಲ್ಲಿ ಬಿಸಿಲು ಯಾರಿಗೂ ಬೇಕಾಗಿಲ್ಲ. ಸೀಮೆ ಬೇರೆ ಎಂದು ನಿನ್ನೆ ಮೊನ್ನೆ ಅಷ್ಟು ಚೆನ್ನಾಗಿ ಅರ್ಥವಾಗಿತ್ತು. ಕೈ ಮಾತ್ರ ತಳಿಯಲ್ಲೇ ಇತ್ತು.

"ಹಂಗಾದ್ರೆ ಎತ್ತಿ ಆ ಮರದ ಕೆಳಗೆ ಇಡೋಣ," ಎಂದು ಪಾಪಣ್ಣ ಬಗ್ಗಿದ.

"ಬೇಡ! ಮುಟ್ಬೇಡ." ಅವಳು ಅವನ ಕೈ ಹಿಡಿದಳು. "ಬೆಳಿಗ್ಗೆಯಿಂದ ಹೊರಗೆ ಹೋಗಿರೋವು ಈ ಜಾಗಾನೇ ಗುರುತು ಮಾಡ್ಕೊಂಡವೆ. ಪೆಟ್ಟಿಗೆ ಅಲ್ಲಿಟ್ರೆ ಅವು ಇಲ್ಲಿಗೇ ಬಂದು, ಮನೆ ಕಾಣ್ದೆ ನೆಲಕ್ಕೆ ಬಿದ್ದು ಸಾಯ್ತವೆ. ಪೆಟ್ಟಿಗೇನ ನೆರಳಿಗೆ ಒಯ್ಯೋಕಾಗಲ್ಲ. ನೆರಳನ್ನೇ ಪೆಟ್ಟಿಗೆ ಹತ್ರ ತರಬೇಕು. ಗಳ ಐತಾ ಮನೇಲಿ?"

ಗಳಗಳು ಇದ್ದವು. ಹಟ್ಟಿಯಿಂದ ಇಬ್ಬರು ಹೆಂಗಸರು ಬಂದರು. ಮೊದಲು ಗೋಣಿಚೀಲ ಒದ್ದೆ ಮಾಡಿ ಒಂದೊಂದು ಮುಚ್ಚಳದ ಮೇಲೂ ಹೊದೆಸಿದರು. ಆಮೇಲೆ ಬದುವಿನ ಉದ್ದಕ್ಕೂ ಗಳ ನೆಟ್ಟು ಮದುವೆ ಚಪ್ಪರದ ಹಾಗೆ ಅಡ್ಡ ಕಟ್ಟಿ, ಈಚಲು ಗರಿ ಹೊದಿಸಿದರು. ಜೇನಿನ ಗಡ್ಡಗಳ ನಡುವೆ ಕೈಯಾಡಿಸುತ್ತಾ ಅವಳು ಒಮ್ಮೆಯೂ ಅವಸರ ಮಾಡಲಿಲ್ಲ. ಅವಸರ ಮಾಡಿದರೆ ಏಳುತ್ತವೆ. ಮೊಣಕೈ ಮೇಲೆ ಎರಡು ಕಡೆ ಕಚ್ಚಿಸಿಕೊಂಡಳು. ಮುಳ್ಳನ್ನು ಉಗುರಿನಿಂದ ಗೀಚಿ ತೆಗೆದು ಗಂಟು ಬಿಗಿಯುವುದನ್ನು ಮುಂದುವರಿಸಿದಳು. ಇರುವೆ ಹತ್ತದಂತೆ ಪೆಟ್ಟಿಗೆಯ ಕಾಲುಗಳಡಿ ಇಟ್ಟಿದ್ದ ಬಟ್ಟಲುಗಳಿಗೆ ನೀರು ತುಂಬಿದಳು. ಕುಡಿಯಲೆಂದು ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟಳು.

"ಜೇನಿಗೆ ಚಪ್ಪರ ಹಾಕಿದ್ದು ನಾನು ಹುಟ್ಟಿದ ಮೇಲೆ ಇದೇ ಮೊದಲು," ಎಂದಳು ಹೆಂಗಸರಲ್ಲೊಬ್ಬಳು. "ಓಲಗ ಯಾವಾಗ?"

"ಅವೇ ಊದ್ಕೊಳ್ತವೆ, ತಡಿಯಮ್ಮಿ," ಎಂದಳು ಆದಿಲಕ್ಷ್ಮಮ್ಮ.

ಹೊತ್ತು ವಾಲುವಾಗ ಮೊದಲ ಪೆಟ್ಟಿಗೆಯ ಗಡ್ಡ ಗಿಡ್ಡವಾಯಿತು. ಆಮೇಲೆ ಅದರ ಪಕ್ಕದ್ದು. ಹುಳುಗಳು ಒಂದರ ಮೇಲೊಂದು ಹತ್ತಿ ಕಿಂಡಿಯೊಳಗೆ ಸರಿಯತೊಡಗಿದವು. ಕೆಲವು ಕಿಂಡಿಯ ಬಾಯಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸಿ ಒಳಗೆ ಗಾಳಿ ಹಾಕುತ್ತಿದ್ದವು. ಹೊರಡುವ ಜೇನು ಗಾಳಿ ಹಾಕುವುದಿಲ್ಲ. ಅದನ್ನು ನೋಡಿದ ಮೇಲೆಯೇ ಅವಳು ಪಾಪಣ್ಣನ ಮನೆಗೆ ಹೋಗಿ ಊಟಕ್ಕೆ ಕೂತದ್ದು.

ಅದಾದ ಮೇಲೆ ಅವಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ, ಕಿಂಡಿಯ ಮುಂದೆ ಕೂತು, ಬರುವ ಹುಳುಗಳ ಕಾಲಲ್ಲಿ ಹುಡಿ ಇದೆಯೇ ಎಂದು ನೋಡಿ ಎದ್ದು ಹೋಗುತ್ತಿದ್ದಳು. ಒಂದು ಸಲ ಮುರಳಿಕೃಷ್ಣನೂ ಜೊತೆಗೆ ಬಂದು, ಜೀವಮಾನದಲ್ಲಿ ಮೊದಲ ಸಲ ಕಮರದ ಹೂ ನೋಡಿ, ಚಪ್ಪಲಿ ಬಿಟ್ಟು ಮರ ಹತ್ತಲು ಹೋಗಿ ಪ್ಯಾಂಟು ಹರಿದುಕೊಂಡ. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರು. ನಡು ಸೀಮೆಯೂ ಹಾಗಾದರೆ ಒಂದಲ್ಲ, ಮಳೆ ಬೀಳುವ ಮಗ್ಗುಲು ಬೇರೆ, ಮಳೆಗೆ ಮರೆಯಾದ ಮಗ್ಗುಲು ಬೇರೆ ಎಂದು ಅವಳ ವಾದ. ಅಷ್ಟು ಸಣ್ಣ ಪಟ್ಟೆ ತನ್ನ ನಕ್ಷೆಯಲ್ಲಿ ಹಿಡಿಸುವುದಿಲ್ಲವೆಂದು ಅವನದು. ಜಗಳ ತೀರಲಿಲ್ಲ. ಮಳೆ ನಿಂತ ಮೇಲೆ ಘಟ್ಟದ ಎರಡೂ ಮಗ್ಗುಲಿಗೆ ಹೋಗಿ ನೋಡುವುದೆಂದು ಮಾತಾಯಿತು.

ಶ್ರಾವಣದ ಕೊನೆಯ ವಾರ ಸೆಲ್ವಿಯನ್ನೂ ಕರೆದುಕೊಂಡು ಬಂದಳು. ಆ ದಿನ ಹೊಗೆಗೆ ತೆಂಗಿನ ನಾರು ತಂದಿದ್ದಳು. ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದು ನಡುವಿನ ಎರಿಯನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಹಳದಿ ಹುಡಿ ಒತ್ತಿ ತುಂಬಿದ ಕೋಣೆಗಳು. ಅದರಿಂದ ಒಳಕ್ಕೆ ದಪ್ಪ ಬಿಳಿ ಮರಿಗಳು. ನಟ್ಟನಡುವೆ, ಕೋಣೆಗೊಂದರಂತೆ, ರವೆಯಷ್ಟು ಸಣ್ಣ ಮೊಟ್ಟೆ.

ಎರಡನೆಯದು, ಮೂರನೆಯದು, ಸಾಲಿನ ತುದಿಯ ತನಕ ಹೋದಳು. ತುದಿಯ ಆ ಖಾಲಿ ಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತಳು. ಅದಕ್ಕೂ ಮುಚ್ಚಳದ ಒಳಗೆ ಮೇಣ ಸವರಿ ಕಿಂಡಿ ತೆರೆದಿಟ್ಟಳು. ಕಾಡಿನದು ಯಾವುದಾದರೂ ಬಂದು ಕೂರಲಿ ಎಂದು.

ಬದುವಿನ ಕೆಳಗೆ ನಿಂತಿದ್ದ ಸೆಲ್ವಿಗೆ ಕಾದು ಸಾಕಾಗಿತ್ತು. "ಅತ್ತೆ, ಏನಾದ್ರೂ ಹೇಳ್ರಿ. ನಿಂತವೆಯಾ?"

"ನಿಂತವೆ ಕಣೆ. ಚೆನ್ನಾಗಿ ನಿಂತವೆ."

"ಹಂಗಾದ್ರೆ ಗುಲಾಬಿ ಹಸಿರುಮನೆ?"

"ಅಲ್ಲಿ ಯಾರಿಗೋ ಕೆಲಸ ಬೇಕಾಗಿರ್ತದೆ, ಅವ್ರು ಹೋಗ್ಲಿ. ಮಾವನಿಗೆ ಫೋನ್ ಮಾಡು, ಹುಣ್ಣಿಮೆ ಕಳೆದ ಮೇಲೆ ಆಟೋ ತರೋಕೆ ಹೇಳು. ತಳೀಲಿ ಹುಚ್ಚೆಳ್ಳು ಶುರುವಾಗ್ತದೆ. ಮತ್ತೆ ಸಂಘದಾಗೆ ಖಾಲಿ ಪೆಟ್ಟಿಗೆ ಎಷ್ಟು ಬಿದ್ದವೆ ಕೇಳು. ಇವು ಒಂದೊಂದೂ ಎರಡು ಪಾಲಾಗೋ ಹಂಗವೆ, ಇರೋ ಮನೆ ಸಾಲಲ್ಲ."

ಸೆಲ್ವಿ ಫೋನ್ ಹಿಡಿದು ಸಿಗ್ನಲ್ ಹುಡುಕುತ್ತಾ ದಿಬ್ಬ ಹತ್ತಿದಳು. ಆದಿಲಕ್ಷ್ಮಮ್ಮ ಚಪ್ಪರದಲ್ಲಿ ಒಣಗಿ ಉದುರಿದ್ದ ಗರಿಗಳನ್ನು ಕಿತ್ತು ಹೊಸದು ಸಿಕ್ಕಿಸತೊಡಗಿದಳು.